ಡಾಂಗಲ್ ಕಳೆದರೆ ಮೌಸನ್ನೇ ಎಸೆಯಬೇಕೆ?

ಮಾನ್ಯ ಸಂಪಾದಕರೇ,

ನಾನು ಶಿವಮೊಗ್ಗದಲ್ಲಿದ್ದುಕೊಂಡು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಸಹಕಾರ ಸಂಘಗಳ ಲೆಕ್ಕಪರಿಶೋಧನೆ ಮಾಡುವವನು. ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿಯುವುದರಿಂದ ನಮ್ಮ ತಿರುಗಾಟದ ಬಹುಭಾಗ ಪುನರ್ವಸು, ಪುಷ್ಯ ಮಳೆಗಳ ನಡುವೆಯೇ ಬೀಳುತ್ತದೆ. ಬಸ್ಸಿನಲ್ಲಿ ಓಡಾಡುವವನ ಚೀಲ ಹಗುರವಾಗಿರಲೆಂದು ಲ್ಯಾಪ್‌ಟಾಪ್ ಜೊತೆಗೆ ಅಂಗೈಯಲ್ಲಿ ಅಡಗುವಂಥ ಪುಟ್ಟ ವೈರ್‌ಲೆಸ್ ಮೌಸ್ ಒಯ್ಯುವ ಅಭ್ಯಾಸ ಆರೇಳು ವರ್ಷಗಳಿಂದ ಇದೆ. ಈ ಅವಧಿಯಲ್ಲಿ ನಾಲ್ಕು ಮೌಸ್ ಕೊಂಡಿದ್ದೇನೆ. ಅವುಗಳಲ್ಲಿ ಎರಡು, ಯಾವ ಕೆಡುಕೂ ಇಲ್ಲದೆ, ನನ್ನ ಮೇಜಿನ ಡ್ರಾಯರಿನಲ್ಲಿ ಸುಮ್ಮನೆ ಬಿದ್ದಿವೆ. ಈ ಪತ್ರ ಆ ಎರಡರ ಬಗ್ಗೆ.

ಎರಡಕ್ಕೂ ಡಾಂಗಲ್ ಇಲ್ಲ, ಅಂದರೆ ಮೌಸಿನ ಸಂಕೇತವನ್ನು ಹಿಡಿದು ಲ್ಯಾಪ್‌ಟಾಪಿಗೆ ಮುಟ್ಟಿಸುವ ರಿಸೀವರ್ ಇಲ್ಲ. ಕಿರುಬೆರಳ ಉಗುರಿನಷ್ಟಿರುವ ಈ ರಿಸೀವರನ್ನು ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದ ಮೇಲೆ ಅದು ಅಲ್ಲಿದೆ ಎಂಬುದೇ ಮರೆತುಹೋಗುತ್ತದೆ. ಮೊದಲನೆಯದು ಹೊಸನಗರದ ಬಸ್ಸಿನ ನೂಕುನುಗ್ಗಲಿನಲ್ಲಿ ಚೀಲದೊಳಗೇ ಬಾಗಿ ಮುರಿಯಿತು. ಎರಡನೆಯದನ್ನು ಸಂಘವೊಂದರ ಕಚೇರಿಯಲ್ಲಿ, ಕರೆಂಟು ಹೋದ ಸಂಜೆ, ಕತ್ತಲಲ್ಲೇ ಕಿತ್ತು ಮೇಜಿನ ಮೇಲೆ ಇಟ್ಟಿದ್ದೆ. ಮಾರನೆಯ ದಿನ ಕಸ ಗುಡಿಸಿದ ಮೇಲೆ ಅದು ಕಾಣಲಿಲ್ಲ. ಸಂಘದ ಕಾರ್ಯದರ್ಶಿಯವರೂ ನಾನೂ ಟಾರ್ಚ್ ಹಿಡಿದು ಗೊಬ್ಬರದ ಚೀಲಗಳ ಸಂದುಗಳನ್ನೆಲ್ಲ ಹುಡುಕಿದ್ದಷ್ಟೇ ಬಂತು. ಮೌಸಿನ ಅಡಿಯಲ್ಲಿ, ಸೆಲ್ ಹಾಕುವ ಮುಚ್ಚಳದೊಳಗೆ, ಡಾಂಗಲ್ ಇಡಲೆಂದೇ ಒಂದು ಗೂಡು ಇರುತ್ತದೆ. ಅದನ್ನು ಬಳಸದೆ ಹೋದದ್ದು ನನ್ನದೇ ತಪ್ಪು, ಒಪ್ಪುತ್ತೇನೆ. ಆದರೆ ಆ ತಪ್ಪಿಗೆ ಇಡೀ ಮೌಸನ್ನೇ ಕಳೆದುಕೊಳ್ಳಬೇಕೆಂಬ ದಂಡ ಅತಿಯಾಯಿತು.

ದುರ್ಗಿಗುಡಿ ಮತ್ತು ನೆಹರೂ ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿದಾಗ ಎಲ್ಲೆಡೆ ಸಿಕ್ಕಿದ್ದು ಒಂದೇ ಉತ್ತರ: 'ಅದು ಬಿಡಿಯಾಗಿ ಬರಲ್ಲ ಸರ್, ಹೊಸದೇ ತಗೊಳ್ಳಿ.' ಪೆಟ್ಟಿಗೆಯ ಮೇಲಿದ್ದ ಗ್ರಾಹಕ ಸೇವೆಯ ಸಂಖ್ಯೆಗೆ ಕರೆ ಮಾಡಿದಾಗಲೂ ಡಾಂಗಲ್ ಪ್ರತ್ಯೇಕವಾಗಿ ಮಾರುವುದಿಲ್ಲವೆಂದೇ ಹೇಳಿದರು. ಅದೇ ಕಂಪನಿಯ, ನೋಡಲು ಒಂದೇ ತೆರನಾದ ಸ್ನೇಹಿತರ ಡಾಂಗಲ್ ಹಾಕಿ ನೋಡಿದೆ, ಮೌಸ್ ಅಲುಗಲಿಲ್ಲ. ಇಂಥ ಮೌಸುಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ರೇಡಿಯೊ ಅಲೆಯಲ್ಲೇ ಮಾತಾಡಿಕೊಂಡರೂ ಅಗ್ಗದ ಮಾದರಿಗಳಲ್ಲಿ ಮೌಸನ್ನೂ ಡಾಂಗಲನ್ನೂ ಕಾರ್ಖಾನೆಯಲ್ಲೇ ಜೋಡಿ ಮಾಡಿಬಿಟ್ಟಿರುತ್ತಾರೆ, ಆ ಜೋಡಿಯನ್ನು ಬದಲಿಸುವ ದಾರಿಯನ್ನು ಕೊಂಡವನಿಗೆ ಕೊಟ್ಟಿರುವುದಿಲ್ಲ. ತಾಂತ್ರಿಕವಾಗಿ ಇದು ಅನಿವಾರ್ಯವೇನಲ್ಲ. ಲಾಜಿಟೆಕ್ ಕಂಪನಿ 2009ರಲ್ಲೇ ಯೂನಿಫೈಯಿಂಗ್ ಎಂಬ ರಿಸೀವರ್ ತಂದು, ಒಂದಕ್ಕೆ ಆರು ಸಾಧನಗಳವರೆಗೆ ಜೋಡಿಸಿಕೊಳ್ಳುವ ಅನುಕೂಲ ಮಾಡಿತು. 2021ರಲ್ಲಿ ಬಂದ ಬೋಲ್ಟ್ ರಿಸೀವರಿನಲ್ಲೂ ಇದೇ ಅನುಕೂಲವಿದೆ. ಅಂಥದ್ದು ಕಳೆದರೆ ಬೇರೆಯದನ್ನು ತಂದು ಹೊಂದಿಸಿಕೊಳ್ಳಬಹುದು. ಆದರೆ ನಮ್ಮೂರಿನ ಅಂಗಡಿಗಳ ಗಾಜಿನ ಕಪಾಟಿನಲ್ಲಿ ಸಾಲಾಗಿ ತೂಗಿರುವ ಪೊಟ್ಟಣಗಳಲ್ಲಿ ಯಾವುದು ಹಾಗೆ ಹೊಂದಿಕೊಳ್ಳುವುದು, ಯಾವುದು ಅಲ್ಲ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ.

ವೈರ್ ಇರುವ ಮೌಸನ್ನೇ ಒಯ್ಯಬಾರದೇ ಎಂದು ಕೇಳುವವರಿದ್ದಾರೆ. ಮೌಸೇ ಬೇಡ, ಟಚ್‌ಪ್ಯಾಡ್ ಸಾಲದೇ ಎನ್ನುವವರೂ ಇದ್ದಾರೆ. ಕೊಡೆ ಮಡಚಿಟ್ಟು ಒದ್ದೆ ಬೆರಳಿನಲ್ಲಿ ಟಚ್‌ಪ್ಯಾಡ್ ಮುಟ್ಟಿದರೆ ಬಾಣದ ಗುರುತು ಎಲ್ಲೆಲ್ಲಿಗೋ ಹಾರುತ್ತದೆ. ಸಾಲ ಬಾಕಿಯ ಪಟ್ಟಿಯಲ್ಲಿ ನೂರಾರು ಸಾಲು ಎಳೆಯುವಾಗ ಅದನ್ನು ನಂಬಲಾಗದು. ಸಣ್ಣ ಮೌಸಿಗೂ ತನ್ನ ತೊಡಕುಗಳಿವೆ ಎಂಬುದು ನಿಜ. ದಿನವಿಡೀ ಹಿಡಿದರೆ ಮಣಿಕಟ್ಟು ನೋಯುತ್ತದೆ, ನನ್ನಂಥ ದೊಡ್ಡ ಕೈಯವರಿಗೆ ಎರಡು ಗಂಟೆಯ ಕೆಲಸಕ್ಕಷ್ಟೇ ಅದು ಸರಿ. ಸಂಘಗಳ ಮೇಜಿಗೆ ಗಾಜು ಹೊದಿಸಿ ಅಡಿಯಲ್ಲಿ ಫೋಟೊ, ಕ್ಯಾಲೆಂಡರ್ ಇಡುವ ರೂಢಿಯಿದೆಯಲ್ಲ, ಆ ಗಾಜಿನ ಮೇಲೆ ಸಾಮಾನ್ಯ ಆಪ್ಟಿಕಲ್ ಮೌಸ್ ದಾರಿ ಹಿಡಿಯದು. ಅಂಥ ಕಡೆ ತಮ್ಮ ಪತ್ರಿಕೆಯನ್ನೇ ನಾಲ್ಕು ಮಡಿಕೆ ಮಾಡಿ ಹಾಸಿಕೊಂಡಿದ್ದೇನೆ, ಓದಿ ಮುಗಿಸಿದ ಮೇಲೆ.

ಇನ್ನೊಂದು ತೊಡಕು ನನ್ನನ್ನು ಬಹಳ ದಿನ ಕಾಡಿತು. ಹಾರ್ಡ್ ಡಿಸ್ಕಿಗೆ ಬ್ಯಾಕಪ್ ತೆಗೆಯುವಾಗಲೆಲ್ಲ ಮೌಸ್ ತಡವರಿಸುತ್ತಿತ್ತು, ಸೆಲ್ ಬದಲಿಸಿದರೂ ಸರಿಹೋಗಲಿಲ್ಲ. ಯುಎಸ್‌ಬಿ 3.0 ವೇಗದಲ್ಲಿ ಕೆಲಸ ಮಾಡುವ ಸಾಧನಗಳು ಮತ್ತು ಕೇಬಲ್ಲುಗಳು ಇದೇ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎಬ್ಬಿಸುತ್ತವೆ ಎಂದು ಇಂಟೆಲ್ ಕಂಪನಿ 2012ರಲ್ಲೇ ವಿವರಿಸಿತ್ತಂತೆ. ಅದು ನನಗೆ ತಿಳಿದದ್ದು ತೀರ ತಡವಾಗಿ. ಡಿಸ್ಕನ್ನು ಲ್ಯಾಪ್‌ಟಾಪಿನ ಒಂದು ಬದಿಗೆ, ಡಾಂಗಲನ್ನು ಇನ್ನೊಂದು ಬದಿಗೆ ಹಾಕಿದ ದಿನದಿಂದ ಆ ತಡವರಿಕೆ ನಿಂತಿದೆ. ಡಾಂಗಲ್ ಕಳೆಯುವ ತೊಂದರೆಗಾದರೆ ಡಾಂಗಲ್ಲೇ ಬೇಡದ ಬ್ಲೂಟೂತ್ ಮೌಸ್ ಉತ್ತರವೆನ್ನಬಹುದು, ನನ್ನ ನಾಲ್ಕನೆಯದು ಅದೇ. ಆದರೆ ಸಂಘದ ಹಳೆಯ ಕಂಪ್ಯೂಟರಿನ ಮುಂದೆ ಕೂರಬೇಕಾದಾಗ ಅದರಲ್ಲಿ ಬ್ಲೂಟೂತ್ ಇರುವುದಿಲ್ಲ. ಒಳಗೇ ಬ್ಯಾಟರಿ ಇರುವ, ಚಾರ್ಜ್ ಮಾಡುವ ಮೌಸನ್ನು ಮಲೆನಾಡಿನವರಿಗೆ ನಾನಂತೂ ಹೇಳಲಾರೆ. ಮರ ಬಿದ್ದು ಎರಡು ದಿನ ಕರೆಂಟು ಇಲ್ಲದ ಊರಿನಲ್ಲಿಯೂ ಗೋಡೆ ಗಡಿಯಾರಕ್ಕೆ ಹಾಕುವ ಡಬಲ್ ಎ ಸೆಲ್ ಗೂಡಂಗಡಿಯಲ್ಲಿ ಸಿಗುತ್ತದೆ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಮಾತ್ರ ಸೆಲ್ ತೆಗೆದಿಡಬೇಕು, ಇಲ್ಲವಾದರೆ ಅದು ಸೋರಿ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ನನ್ನ ಮೂರನೆಯ ಮೌಸ್ ಹಾಗೆಯೇ ಹೋಯಿತು.

ಮುಖ್ಯ ವಿಷಯಕ್ಕೆ ಬರುತ್ತೇನೆ. 2011ರ ಪ್ಯಾಕೇಜು ಸರಕುಗಳ ನಿಯಮಗಳ ಪ್ರಕಾರ ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ, ದೂರು ಹೇಳಿಕೊಳ್ಳುವ ಸಂಪರ್ಕದ ವಿವರ ಎಲ್ಲವೂ ಇರಬೇಕು, ಇರುತ್ತವೆ ಕೂಡ. ಇವು ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕೆಂದಿದ್ದರೂ ಜೊತೆಗೆ ಬೇರೆ ಭಾಷೆ ಬಳಸಲು ಅಡ್ಡಿಯಿಲ್ಲ. ಅದೇ ಜಾಗದಲ್ಲಿ, 'ರಿಸೀವರ್ ಕಳೆದರೆ ಬೇರೆಯದು ಸಿಗುತ್ತದೆ' ಅಥವಾ 'ಸಿಗುವುದಿಲ್ಲ' ಎಂಬ ಒಂದು ಸಾಲನ್ನು ಕನ್ನಡದಲ್ಲೂ ಮುದ್ರಿಸಿದರೆ ಕೊಳ್ಳುವವನು ತಿಳಿದು ಕೊಳ್ಳುತ್ತಾನೆ. ಕಂಪನಿಗಳು ಇದನ್ನು ತಾವಾಗಿ ಮಾಡದಿದ್ದರೆ ಗ್ರಾಹಕ ವ್ಯವಹಾರಗಳ ಇಲಾಖೆ ಅದನ್ನು ಕಡ್ಡಾಯ ಮಾಡುವ ಬಗ್ಗೆ ಯೋಚಿಸಬೇಕು. ಅಲ್ಲಿಯವರೆಗೆ ಅಂಗಡಿಯವರಾದರೂ ಗಿರಾಕಿ ಕೇಳುವ ಮೊದಲೇ ಇದನ್ನು ಹೇಳಬಹುದು.

ನನ್ನಲ್ಲಿರುವ ಎರಡೂ ಮೌಸುಗಳ ಮಾದರಿ ಸಂಖ್ಯೆಯನ್ನು ಬರೆದಿಟ್ಟುಕೊಂಡಿದ್ದೇನೆ. ಶಿವಮೊಗ್ಗದಲ್ಲಾಗಲಿ ಸಾಗರದಲ್ಲಾಗಲಿ ಹಳೆಯ ಮೌಸಿಗೆ ಡಾಂಗಲ್ ಹೊಂದಿಸಿಕೊಡುವವರು ಇದ್ದರೆ, ಬಲ್ಲ ಓದುಗರು ಇದೇ ಅಂಕಣದಲ್ಲಿ ತಿಳಿಸಬೇಕೆಂದು ಕೋರುತ್ತೇನೆ.

ಇತಿ,
ಓರ್ವ ಲೆಕ್ಕಪರಿಶೋಧಕ, ಶಿವಮೊಗ್ಗ