ಹೊಸ ಮನೆಗೆ ಬಲ್ಬು ಕೊಳ್ಳುವ ಮುನ್ನ

ಚಿ. ಸೌ. ಸುಮಾಳಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ವೈರಿಂಗ್ ಮುಗಿಯಿತು, ಇನ್ನು ಬಲ್ಬು ತರುವುದೊಂದೇ ಬಾಕಿ ಅಂದಿದ್ದೀಯ. ಹತ್ತು ಬಲ್ಬು ಒಂದೇ ತರಹದ್ದು ತಂದು ಎಲ್ಲ ಕೋಣೆಗೂ ಹಾಕಿಬಿಡಬೇಡ ಮಗಳೇ.

ಅಂಗಡಿಯಲ್ಲಿ ವ್ಯಾಟ್ ಕೇಳುತ್ತಾರೆ, ನೀನು ಲೂಮೆನ್ ನೋಡು. ವ್ಯಾಟ್ ಎಂದರೆ ಬಲ್ಬು ತಿನ್ನುವ ಕರೆಂಟು, ಲೂಮೆನ್ ಎಂದರೆ ಅದು ಕೊಡುವ ಬೆಳಕು. ಹಳೆಯ 60 ವ್ಯಾಟ್ ಬಲ್ಬು ಕೊಡುತ್ತಿದ್ದದ್ದು ಸುಮಾರು 700 ಲೂಮೆನ್. ಈಗಿನ 9 ವ್ಯಾಟ್ ಎಲ್‌ಇಡಿ 800ರಿಂದ 900 ಕೊಡುತ್ತದೆ. ಒಂದೇ ವ್ಯಾಟಿನ ಎರಡು ಡಬ್ಬಗಳಲ್ಲಿ ಲೂಮೆನ್ ಹೆಚ್ಚಿರುವುದನ್ನೇ ಆರಿಸು. 10x12 ಅಡಿಯ ಹಾಲಿಗೆ 2000 ಲೂಮೆನ್ನಿನ 20 ವ್ಯಾಟ್ ಎಲ್‌ಇಡಿ ಟ್ಯೂಬು ಸಾಕು. ಮಲಗುವ ಕೋಣೆಗೆ 9 ವ್ಯಾಟ್, ದೇವರ ಕೋಣೆಗೆ 3 ವ್ಯಾಟ್.

ಬೆಳಕಿನ ಬಣ್ಣ ಕೆಲ್ವಿನ್ನಿನಲ್ಲಿ ಬರೆದಿರುತ್ತದೆ. 2700–3000 ಹಳದಿ, 4000 ನಡುವಿನದು, 6500 ನೀಲಿ ಬೆರೆತ ಬಿಳಿ. ಮಲಗುವ ಕೋಣೆಗೆ 6500 ಬೇಡವೇ ಬೇಡ, ರಾತ್ರಿ ಕಣ್ಣಿಗೆ ಚುಚ್ಚುತ್ತದೆ. ಅಡುಗೆಮನೆಗೂ ಓದುವ ಮೇಜಿಗೂ 4000 ಹಿತ. ಅಡುಗೆಮನೆಯಲ್ಲಿ ಇನ್ನೊಂದು ತೊಂದರೆಯಿದೆ. ದೀಪ ಸೂರಿನ ನಡುವೆ ಮಾತ್ರ ಇದ್ದರೆ ತರಕಾರಿ ಹೆಚ್ಚುವ ಕಟ್ಟೆಯ ಮೇಲೆ ನಿನ್ನದೇ ನೆರಳು ಬೀಳುತ್ತದೆ. ಕಟ್ಟೆಯ ಮೇಲಿನ ಕಪಾಟಿನ ತಳಕ್ಕೆ ಒಂದು ಸಣ್ಣ ಪಟ್ಟಿ ದೀಪ ಹಾಕಿಸು. ಸೀರೆಯ ಬಣ್ಣ ಸರಿಯಾಗಿ ಕಾಣಬೇಕಾದರೆ ಕನ್ನಡಿಯ ಹತ್ತಿರದ ಬಲ್ಬಿಗೆ ಸಿಆರ್‌ಐ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ನೂರರವರೆಗಿನ ಅಂಕ) 90 ಇರಲಿ. ಉಳಿದೆಡೆ 80 ಸಾಕು.

ಎಲ್‌ಇಡಿ ಬಲ್ಬು ಬೇಗ ಹೋದರೆ ಬಹಳ ಸಲ ಹಾಳಾಗಿರುವುದು ಬೆಳಕು ಕೊಡುವ ಚಿಪ್ಪಲ್ಲ, ಮನೆಯ ಕರೆಂಟನ್ನು ಚಿಪ್ಪಿಗೆ ಹೊಂದುವಂತೆ ಮಾಡಿಕೊಡುವ, ಬುಡದಲ್ಲಿರುವ ಡ್ರೈವರ್. ಶಾಖಕ್ಕೆ ಅದರೊಳಗಿನ ಕೆಪಾಸಿಟರ್ ಎಂಬ ಪುಟ್ಟ ಭಾಗ ಒಣಗುತ್ತದೆ. ಪೂರ್ತಿ ಮುಚ್ಚಿದ ಗಾಜಿನ ಗುಂಡಿನೊಳಗೆ 12 ವ್ಯಾಟ್ ಹಾಕಿದರೆ ಬಿಸಿ ಹೊರಗೆ ಹೋಗುವುದಿಲ್ಲ. ಅಲ್ಲಿ 5 ಅಥವಾ 7 ಸಾಕು. ನಿಮ್ಮ ಮಲೆನಾಡಿನಲ್ಲಿ ಸಿಡಿಲೂ ವೋಲ್ಟೇಜಿನ ಏರಿಳಿತವೂ ಹೆಚ್ಚು. ಡಬ್ಬದ ಮೇಲೆ 100–300 ವೋಲ್ಟ್, 4 ಕೆವಿ (4000 ವೋಲ್ಟ್) ಸರ್ಜ್ ರಕ್ಷಣೆ, ಅಂದರೆ ಒಮ್ಮೆಲೇ ಏರಿಬರುವ ವೋಲ್ಟೇಜಿನಿಂದ ರಕ್ಷಣೆ, ಎಂದಿರುವುದನ್ನೇ ಕೊಳ್ಳು. ಸರ್ಕಾರದ ಗುಣಮಟ್ಟ ಸಂಸ್ಥೆಯಾದ ಬಿಐಎಸ್‌ನ ಗುರುತಿಲ್ಲದ್ದನ್ನು ಮುಟ್ಟಬೇಡ. ಅಂಗಡಿಯಲ್ಲೇ ಹೊತ್ತಿಸಿ ಫೋನಿನ ಕ್ಯಾಮೆರಾ ಹಿಡಿ. ಪರದೆಯ ಮೇಲೆ ದಪ್ಪ ಕಪ್ಪು ಪಟ್ಟೆಗಳು ಓಡಿದರೆ ಆ ಬಲ್ಬು ಮಿನುಗುತ್ತದೆ, ತಲೆನೋವು ತರಬಹುದು. ಹೋಲ್ಡರ್ ಪಿನ್ನಿನದೋ ತಿರುಪಿನದೋ ಎಣಿಸಿ ಬರೆದುಕೊಂಡು ಹೋಗು.

ಸ್ವಿಚ್ ಆರಿಸಿದ ಮೇಲೂ ಬಲ್ಬು ಮಂಕಾಗಿ ಹೊಳೆಯುತ್ತಿದ್ದರೆ ಸುಮ್ಮನಿರಬೇಡ. ಸ್ವಿಚ್ಚಿನಲ್ಲಿರುವ ಪುಟ್ಟ ಕೆಂಪು ದೀಪದಿಂದ ಹಾಗಾಗುವುದುಂಟು, ಅದರಿಂದ ಅಪಾಯವಿಲ್ಲ. ಆದರೆ ಫೇಸ್ (ಕರೆಂಟು ತರುವ ತಂತಿ) ಬದಲು ನ್ಯೂಟ್ರಲ್ (ಕರೆಂಟು ಹಿಂದಿರುಗುವ ತಂತಿ) ತಂತಿಗೆ ಸ್ವಿಚ್ ಕೊಟ್ಟಿದ್ದರೂ ಹಾಗೇ ಆಗಬಹುದು. ಆಗ ಆರಿಸಿದರೂ ಹೋಲ್ಡರಿನಲ್ಲಿ ಕರೆಂಟು ಇದ್ದೇ ಇರುತ್ತದೆ, ಬಲ್ಬು ಬದಲಿಸುವಾಗ ಶಾಕ್ ಹೊಡೆಯಬಹುದು. ಗೃಹಪ್ರವೇಶಕ್ಕೆ ಮೊದಲೇ ಎಲೆಕ್ಟ್ರಿಷಿಯನ್ ಕೈಯಲ್ಲಿ ಪ್ರತಿ ಹೋಲ್ಡರಿಗೂ ಸ್ವಿಚ್ ಆರಿಸಿ ಟೆಸ್ಟರ್ ಇಡಿಸು. ಎಲ್ಲಾದರೂ ಟೆಸ್ಟರಿನ ದೀಪ ಹೊತ್ತಿದರೆ ಅವತ್ತೇ ಸ್ವಿಚ್ಚನ್ನು ಫೇಸ್ ತಂತಿಗೆ ಬದಲಿಸಲಿ.

ಇಂತಿ,
ನಿನ್ನ ಸೋದರಮಾವ