ಬೀದರ್‌ಗೆ ವರ್ಗ ಮಾಡಿದರೆ ಮುಗಿಯಿತೇ? ಮನೆಗೆ ಬಂದ ‘ಥೆರಪಿಸ್ಟ್’ ಬಗ್ಗೆ ದೂರು

ಕಲಬುರಗಿ
12 ಜೂನ್ 2025

ಗೆ,
ವ್ಯವಸ್ಥಾಪಕರು,
ಮನೆ ಬಾಗಿಲಿಗೆ ಫಿಸಿಯೋಥೆರಪಿ ಸೇವೆ,
ಕಲಬುರಗಿ ಶಾಖೆ

ವಿಷಯ: ಅರ್ಹತೆ ಇಲ್ಲದವರನ್ನು ಚಿಕಿತ್ಸೆಗೆ ಕಳಿಸಿದ್ದು, ದೂರು ಕೊಟ್ಟ ಮೇಲೂ ವಿಚಾರಣೆ ಮಾಡದಿರುವುದು

ಮಾನ್ಯರೇ,

ಫೆಬ್ರವರಿಯಲ್ಲಿ ನನ್ನ ಮನೆಯಾಕೆಗೆ ಲಕ್ವಾ ಹೊಡೆಯಿತು. ಬಲಗಡೆಯ ಕೈಕಾಲು ಬಿದ್ದವು. ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರು, ಗುಳಿಗೆ ತಪ್ಪಿಸಬೇಡಿ, ವ್ಯಾಯಾಮ ಅದಕ್ಕಿಂತಲೂ ತಪ್ಪಿಸಬೇಡಿ ಎಂದರು. ನಮ್ಮೂರ ಬಿಸಿಲಿನಲ್ಲಿ ಆಕೆಯನ್ನು ದಿನಾ ಆಟೋದಲ್ಲಿ ಕರೆದೊಯ್ಯುವುದು ಆಗದ ಮಾತು. ಅರ್ಹ ಥೆರಪಿಸ್ಟ್ ಮನೆಗೇ ಬರುತ್ತಾರೆ ಎಂದು ನಿಮ್ಮ ಪಾಂಪ್ಲೆಟ್‌ನಲ್ಲಿತ್ತು, ನಂಬಿದೆ.

ಏಪ್ರಿಲ್ 21ರಿಂದ ಮೇ 10ರವರೆಗೆ, ಭಾನುವಾರ ಬಿಟ್ಟು 18 ದಿನ ನಿಮ್ಮ ಹುಡುಗ ಬಂದ. ದಿನಕ್ಕೆ 500 ರೂಪಾಯಿ. ಇದಲ್ಲದೆ ‘ಆಕ್ಯುಪೇಷನಲ್ ಥೆರಪಿ’ ಎಂದು 6 ದಿನಕ್ಕೆ 700ರಂತೆ ಬೇರೆ ಬಿಲ್ಲು. ಒಟ್ಟು 13,200 ರೂಪಾಯಿ ಕೊಟ್ಟಿದ್ದೇನೆ. ಆಕ್ಯುಪೇಷನಲ್ ಥೆರಪಿಗೆ ಬೇರೆ ಯಾರಾದರೂ ಬರುತ್ತಾರೆಂದು ಕಾದೆವು. ಬಂದವನು ಅದೇ ಹುಡುಗ, ಮಾಡಿಸಿದ್ದು ಅದೇ ರಬ್ಬರ್ ಚೆಂಡು ಹಿಚುಕುವುದು. ಒಂದೇ ಕೈಯಲ್ಲಿ ರೊಟ್ಟಿ ಮುರಿಯುವುದು, ಕುಪ್ಪಸದ ಗುಂಡಿ ಹಾಕಿಕೊಳ್ಳುವುದು, ಲೋಟ ಹಿಡಿಯುವುದು, ಇಂಥವನ್ನು ಕಲಿಸುವ ವಿದ್ಯೆ ಅದು ಎಂದು ನನಗೆ ಗೊತ್ತಾದದ್ದು ಆಮೇಲೆ. ಅದಕ್ಕೆ ಪದವಿಯೇ ಬೇರೆ ಇದೆಯಂತೆ.

ಮೇ 10ರ ಶನಿವಾರ ನಡೆದದ್ದನ್ನು ಬಿಡಿಸಿ ಬರೆಯುತ್ತೇನೆ. ಹುಡುಗ ನಮ್ಮ ಪಡಸಾಲೆಯ ಬಾಗಿಲ ಚೌಕಟ್ಟಿಗೆ ಒಂದು ರಾಟೆ ಬಿಗಿದ. ಹಗ್ಗದ ಒಂದು ತುದಿಯನ್ನು ಆಕೆಯ ಸತ್ವವಿಲ್ಲದ ಬಲಗೈಗೆ ಕಟ್ಟಿ, ಇನ್ನೊಂದು ತುದಿಯನ್ನು ತಾನೇ ಹಿಡಿದು ಜಗ್ಗಿದ. ಬಾವಿಯಿಂದ ಕೊಡ ಸೇದಿದ ಹಾಗೆ ಕೈ ತಲೆಯ ಮೇಲಕ್ಕೆ ಹೋಯಿತು. ‘ನೋಯ್ಲಕತ್ತದ, ಬಿಡಪ್ಪಾ’ ಎಂದು ಆಕೆ ಎರಡು ಸಲ ಅಂದಳು. ‘ಏನಾಗಲ್ಲ ಬಿಡ್ರಿ ಅಮ್ಮಾ, ನರ ಹಿಡದದ’ ಎಂದು ಇವನು ಮತ್ತೆ ಜಗ್ಗಿದ. ಮೂರನೇ ಸಲಕ್ಕೆ ಆಕೆ ಅಂದದ್ದು ಮಾತಲ್ಲ, ಚೀರಾಟ. ಸಂಜೆ ನೋಡಿದರೆ ಹೆಗಲ ತುದಿಯ ಮೂಳೆಯ ಕೆಳಗೆ ನನ್ನ ಬೆರಳು ಕೂರುವಷ್ಟು ಗುಳಿ. ಎಕ್ಸ್‌ರೇಯಲ್ಲಿ ಕೀಲು ಕೆಳಗೆ ಜಾರಿದ್ದು ಕಾಣುತ್ತದೆ. ಮೂಳೆ ಡಾಕ್ಟರು ಪ್ರಾಮಾಣಿಕರು. ಲಕ್ವಾ ಆದವರಿಗೆ ಸ್ನಾಯು ಸಡಿಲಾಗಿ ಹೀಗೆ ತಾನಾಗಿಯೂ ಜಾರಬಹುದು ಎಂದರು. ಆದರೆ ಅಂಥ ಕೈಯನ್ನು ರಾಟೆಗೆ ಕಟ್ಟಿ ಎತ್ತಿದವರು ಯಾರು ಎಂದೂ ಕೇಳಿದರು.

ಯಾರು? ನನಗೂ ಅದೇ ಬೇಕಾಗಿತ್ತು. ಸೋಮವಾರ ಹುಡುಗನನ್ನೇ ಕೇಳಿದೆ. ಮೊಬೈಲ್‌ನಲ್ಲಿ ತೋರಿಸಿದ್ದು ಆರು ತಿಂಗಳ ಮಸಾಜ್ ಕೋರ್ಸಿನ ಸರ್ಟಿಫಿಕೇಟು. ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿ, ಓದಿದವರು ನಾಲ್ಕು ವರ್ಷ ಕಲಿತು, ಮೇಲೆ ಆರು ತಿಂಗಳು ಇಂಟರ್ನ್‌ಶಿಪ್ ಮಾಡಿ ಬಂದಿರುತ್ತಾರೆ. ಹುಡುಗನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಹೊಟ್ಟೆಪಾಡು. ಅವನ ಕೊರಳಿಗೆ ‘ಸೀನಿಯರ್ ಥೆರಪಿಸ್ಟ್’ ಎಂದು ಕಾರ್ಡ್ ಹಾಕಿ ಕಳಿಸಿದವರು ನೀವು.

ನಾನು 31 ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ಹೆವಿ ಲೈಸೆನ್ಸು, ಬ್ಯಾಡ್ಜು ಎರಡೂ ಇಲ್ಲದೆ ಡಿಪೋ ಗೇಟಿನಿಂದ ಗಾಡಿ ಹೊರಗೆ ಬರುತ್ತಿರಲಿಲ್ಲ. ಅಪಘಾತವಾದರೆ ಮೊದಲು ಬರುವುದು ಚಾರ್ಜ್ ಮೆಮೊ. ಆಮೇಲೆ ವಿಚಾರಣೆ, ನಮ್ಮ ಹೇಳಿಕೆ, ಸಾಕ್ಷಿ, ಆದೇಶ. ತಪ್ಪಿಲ್ಲದಿದ್ದರೆ ಅದೂ ಕಾಗದದಲ್ಲೇ ಬರುತ್ತಿತ್ತು. ನಿಮ್ಮಲ್ಲಿ ಏನಾಯಿತು? ಮೇ 14ರಂದು ಕಚೇರಿಗೆ ಬಂದೆ. ಗೋಡೆಯ ಮೇಲೆ ಶರಣಬಸವೇಶ್ವರರ ಫೋಟೊ ಇತ್ತು, ಕೈಮುಗಿದೆ. ನೋಂದಣಿ ಪ್ರಮಾಣಪತ್ರ ಕಾಣಲಿಲ್ಲ. ಕೌಂಟರಿನಲ್ಲಿದ್ದವರು ನಗುತ್ತಲೇ, ‘ಆ ಹುಡುಗನ್ನ ಬೀದರ್ ಬ್ರ್ಯಾಂಚಿಗೆ ಹಾಕೀವಿ ಅಂಕಲ್, ನಿಮಗ ಎರಡು ಸಿಟ್ಟಿಂಗ್ ಫ್ರೀ’ ಎಂದರು. ಬೀದರಿನವರ ಹೆಗಲು ಕಬ್ಬಿಣದ್ದೇನು?

ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ ಎರಡೂ ಆರೋಗ್ಯ ವೃತ್ತಿಗಳ ಬಗೆಗಿನ 2021ರ ಕೇಂದ್ರ ಕಾಯ್ದೆಯಡಿ ಬರುತ್ತವೆ. ಈ ವೃತ್ತಿಯವರ ಹೆಸರು ರಾಜ್ಯ ಪರಿಷತ್ತಿನ ಪಟ್ಟಿಯಲ್ಲಿರಬೇಕು, ದುರ್ನಡತೆ ಸಾಬೀತಾದರೆ ಅವರ ಮಾತೂ ಕೇಳಿ ಪರಿಷತ್ತು ಹೆಸರನ್ನು ತೆಗೆದುಹಾಕಬಹುದು. ‘ಎಲ್ಲರಿಗೂ ಇನ್ನೂ ಪರಿಷತ್ತಿನ ನಂಬರ್ ಬಂದಿಲ್ಲ’ ಎಂದು ನಿಮ್ಮವರು ಹೇಳಿದರು. ಸರಿ, ಪದವಿ ಸರ್ಟಿಫಿಕೇಟಾದರೂ ತೋರಿಸಬಹುದಿತ್ತಲ್ಲ? ಇನ್ನು ಫಿಸಿಯೋಥೆರಪಿ ಕೇಂದ್ರಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಲೇಬೇಕು. ನಿಮ್ಮ ನೋಂದಣಿ ಸಂಖ್ಯೆ ಎಷ್ಟು?

ಈಗ ಬೇರೊಬ್ಬ ಹೆಣ್ಣುಮಗಳು ಬರುತ್ತಾಳೆ. ಕೇಳುವ ಮೊದಲೇ ಪದವಿಯ ಪ್ರತಿ ತೋರಿಸಿದಳು. ಮೊದಲ ದಿನ ಅರ್ಧ ಗಂಟೆ ಬರೀ ನೋಡಿದಳು, ಕೇಳಿದಳು, ಬರೆದುಕೊಂಡಳು. ಕೂತಾಗ ಕೈಯ ಕೆಳಗೆ ದಿಂಬು ಇಡಿ, ಎಬ್ಬಿಸುವಾಗ ಆ ಕೈ ಹಿಡಿದು ಎಳೆಯಬೇಡಿ, ಸೊಂಟದ ಹತ್ತಿರ ಹಿಡಿಯಿರಿ ಎಂದು ನನಗೂ ಸೊಸೆಗೂ ಮಾಡಿ ತೋರಿಸಿದಳು. ನೋವು ಕಡಿಮೆಯಾಗಿದೆ, ಗುಳಿ ಹಾಗೇ ಇದೆ.

15 ದಿನದೊಳಗೆ ಆ ಹುಡುಗನ ವಿದ್ಯಾರ್ಹತೆ ಏನು, ಅವನನ್ನು ಪರಿಶೀಲಿಸಿ ನೇಮಿಸಿದವರು ಯಾರು ಎಂದು ಲಿಖಿತವಾಗಿ ತಿಳಿಸಿ. ವಿಚಾರಣೆ ಮುಗಿಯುವವರೆಗೆ ಬೀದರಿನಲ್ಲೂ ಅವನನ್ನು ರೋಗಿಗಳ ಮನೆಗೆ ಕಳಿಸಬೇಡಿ. 13,200 ರೂಪಾಯಿಯನ್ನೂ ಎಕ್ಸ್‌ರೇ ಖರ್ಚನ್ನೂ ವಾಪಸ್ ಕೊಡಿ. ಫ್ರೀ ಸಿಟ್ಟಿಂಗ್ ಬೇಡ. ಉತ್ತರ ಬಾರದಿದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಇದೇ ಪತ್ರ ಹೋಗುತ್ತದೆ, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತದೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಿಚಾರಿಸಿದ್ದೇನೆ. ನಿವೃತ್ತನಿಗೆ ಸಮಯಕ್ಕೂ ಬರವಿಲ್ಲ.

ಬಿಲ್ಲು, ಎಕ್ಸ್‌ರೇ ವರದಿಗಳ ಪ್ರತಿ ಲಗತ್ತಿಸಿದ್ದೇನೆ. ನಿಮ್ಮ ರಾಟೆ ಇನ್ನೂ ನಮ್ಮ ಚೌಕಟ್ಟಿನಲ್ಲೇ ಇದೆ. ಯಾರನ್ನಾದರೂ ಕಳಿಸಿ ಬಿಚ್ಚಿಸಿಕೊಂಡು ಹೋಗಿ. ಅಷ್ಟಕ್ಕೆ ಯಾವ ಡಿಗ್ರಿಯೂ ಬೇಡ.

ಇಂತಿ,
ನಿವೃತ್ತ ಬಸ್ ಚಾಲಕ,
ಬ್ರಹ್ಮಪುರ, ಕಲಬುರಗಿ