ಮಗಳಿಗೊಂದು ಪತ್ರ: ಫ್ರಾಮ್ ಜಲಸಂಧಿಯ ಬಾಟಲಿಗಳು

ಪ್ರೀತಿಯ ಪುಟ್ಟಿ,

ಗ್ರೀನ್‌ಲ್ಯಾಂಡ್ ಮತ್ತು ಸ್ವಾಲ್ಬಾರ್ಡ್ ನಡುವಿನ ಫ್ರಾಮ್ ಜಲಸಂಧಿಯ ಸೆಡಿಮೆಂಟ್ ಟ್ರ್ಯಾಪ್ ಕೆಲಸ ಈಗ ನಿನ್ನ ಕೈಗೆ ಬಂದಿದೆ. ಮೇಲಿನಿಂದ ಇಳಿಯುವ ಕಣಗಳನ್ನು ಆಲಿಕೆಯಲ್ಲಿ ಹಿಡಿದು, ಸರದಿಯಂತೆ ಒಂದೊಂದು ಬಾಟಲಿಗೆ ತುಂಬುವ ಸಾಧನ ಅದು. ಹಡಗು ಹತ್ತುವ ಮೊದಲು ಇದನ್ನೊಮ್ಮೆ ಓದಿಕೋ.

ಅರಬ್ಬಿ ಸಮುದ್ರದಲ್ಲಿ ಎರಡು ಮಾನ್ಸೂನ್, ಹಾಗಾಗಿ ಆಳಕ್ಕಿಳಿಯುವ ಕಣಗಳಿಗೂ ವರ್ಷಕ್ಕೆರಡು ಸುಗ್ಗಿ. ಆದರೆ ಫ್ರಾಮ್ ಜಲಸಂಧಿ ಇರುವ 79 ಡಿಗ್ರಿ ಉತ್ತರದಲ್ಲಿ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಸೂರ್ಯನೇ ಹುಟ್ಟುವುದಿಲ್ಲ. ಪಾಚಿ ಬೆಳೆಯಲು ಸಿಗುವುದು ಬೆಳಕಿರುವ ಕೆಲವೇ ತಿಂಗಳು. ಆದ್ದರಿಂದ ಬಾಟಲಿಗಳನ್ನು ವರ್ಷದುದ್ದಕ್ಕೂ ಸಮನಾಗಿ ಹಂಚಬೇಡ. 20 ಬಾಟಲಿ ಇದ್ದರೆ ಮೇಯಿಂದ ಆಗಸ್ಟ್‌ವರೆಗೆ 10 ದಿನಕ್ಕೊಂದರಂತೆ 12, ಉಳಿದ ಕಾಲಕ್ಕೆ 30 ದಿನಕ್ಕೊಂದರಂತೆ 8. ಒಟ್ಟು 360 ದಿನವಾಯಿತು.

ಬಾಟಲಿಗೆ ತುಂಬುವ ನೀರಿಗೆ ಉಪ್ಪು ಸೇರಿಸಿ ಲವಣಾಂಶವನ್ನು 40ಕ್ಕೆ (ಕಿಲೋ ನೀರಿಗೆ ಸುಮಾರು 40 ಗ್ರಾಂ ಉಪ್ಪು) ಏರಿಸು. ಸುತ್ತಲಿನ ನೀರಿಗಿಂತ ಭಾರವಿದ್ದರೆ ಮಾತ್ರ ಕೊಳೆಯದಂತೆ ಹಾಕುವ ಪಾದರಸದ ವಿಷ, ಮರ್ಕ್ಯುರಿಕ್ ಕ್ಲೋರೈಡ್, ಒಳಗೇ ನಿಲ್ಲುತ್ತದೆ. ಇಲ್ಲದಿದ್ದರೆ ವಿಷ ತೊಳೆದುಹೋಗಿ, ಬಿದ್ದದ್ದು ಅಲ್ಲೇ ಕೊಳೆಯುತ್ತದೆ.

ದಿನಾಂಕದ ವಿಷಯದಲ್ಲಿ ಬಹಳ ಎಚ್ಚರ ಬೇಕು. ಕಣ ದಿನಕ್ಕೆ 50 ಮೀಟರ್ ಇಳಿದರೆ 300 ಮೀಟರ್ ಆಳದ ಟ್ರ್ಯಾಪ್ ತಲುಪಲು 6 ದಿನ, 2,300 ಮೀಟರಿಗೆ 46 ದಿನ. ಆಳದ ಬಾಟಲಿಯ ಮೇಲೆ ಬರೆದ ತಿಂಗಳು ಮೇಲ್ಮೈಯ ತಿಂಗಳಲ್ಲ. ಮಂಜುಗಡ್ಡೆ ಕರಗಿದ ಸಿಹಿನೀರು ಮೇಲೆ ಹಗುರ ಪದರವಾಗಿ ಕೂತರೆ ಇನ್ನೂ ತಡ. 2017ರಲ್ಲಿ ಇಲ್ಲೇ ಹಾಗಾಯಿತು. ಕರಗಿದ ನೀರಿಲ್ಲದ 2018ಕ್ಕೆ ಹೋಲಿಸಿದರೆ ಇಂಗಾಲ ಕೆಳಗಿಳಿಯುವುದು ಸುಮಾರು ನಾಲ್ಕು ತಿಂಗಳು ಹಿಂದೆ ಬಿತ್ತು. ಚಳಿಗಾಲದ ಬಾಟಲಿಯಲ್ಲಿ ಡಯಾಟಮ್ (ಗಾಜಿನಂಥ ಕವಚದ ಸೂಕ್ಷ್ಮ ಪಾಚಿ) ಕಂಡರೆ ಗಾಬರಿಯಾಗಬೇಡ, ಮಂಜುಗಡ್ಡೆಯ ದಾಖಲೆ ತೆಗೆದು ನೋಡು.

ಮೆಲೊಸಿರಾ ಪಾಚಿಯ ಎಳೆಗಳು ಕೆಲವೊಮ್ಮೆ ಆಲಿಕೆಯ ಕುತ್ತಿಗೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಆಗ ಸುಗ್ಗಿಯ ನಡುವೆಯೇ ಎರಡು ಮೂರು ಬಾಟಲಿ ಬರಿದು, ಮುಂದಿನದು ಭರ್ತಿ. ಅದನ್ನು ಋತುಮಾನದ ಏರಿಳಿತ ಎಂದು ಬರೆದರೆ ಪೂರ್ತಿ ತಪ್ಪು.

ಇನ್ನು ಈಜಿ ಬಂದು ಸತ್ತ ಜೀವಿಗಳು. ಈ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವುದು ಇದೇ. ಚಳಿಗಾಲದಲ್ಲಿ ತಾನಾಗಿ ಬಿದ್ದ ಕಣಕ್ಕಿಂತ ಇವುಗಳ ತೂಕವೇ ಹೆಚ್ಚಿರಬಹುದು. ಜರಡಿ ಹಿಡಿದ ಮೇಲೂ ಮೈಕ್ರೋಸ್ಕೋಪಿನಡಿ ಚಿಮುಟದಿಂದ ಒಂದೊಂದಾಗಿ ಆರಿಸು. ಕೊಪೆಪಾಡ್ (ಸಿಗಡಿ ಜಾತಿಯ ಪುಟ್ಟ ಜೀವಿ) ಇಡಿಯಾಗಿದ್ದರೆ ತೆಗೆ. ಕಳಚಿಬಿದ್ದ ಪೊರೆಯಾದರೆ ಬಿಡು. ಸುರುಳಿ ಚಿಪ್ಪಿನ ಪುಟ್ಟ ಕಡಲ ಬಸವನಹುಳು ಲಿಮಸಿನಾ ಒಳಗೆ ಕಪ್ಪಗೆ ಮಾಂಸ ಕಂಡರೆ ಈಜಿ ಬಂದದ್ದು, ಗಾಜಿನಂತೆ ಖಾಲಿಯಿದ್ದರೆ ಸತ್ತು ಇಳಿದದ್ದು. ಹಿಕ್ಕೆಗಳನ್ನಂತೂ ಒಂದೂ ಬಿಡದೆ ಉಳಿಸಿಕೋ; ಮೇಲೆ ಯಾರು ಮೇಯುತ್ತಿದ್ದರು ಎಂದು ಹೇಳುವುದು ಅವೇ.

ಲೆಕ್ಕ ಸುಲಭ. ಟ್ರ್ಯಾಪಿನ ಬಾಯಿ 0.5 ಚದರ ಮೀಟರ್ ಅಂತಿಟ್ಟುಕೋ. 10 ದಿನದ ಬಾಟಲಿಯ ಕಾಲು ಪಾಲನ್ನು ಸೋಸಿ ಒಣಗಿಸಿದಾಗ 60 ಮಿಲಿಗ್ರಾಂ ಬಂದರೆ, ಪೂರ್ತಿಗೆ 240. ಅದನ್ನು 0.5ರಿಂದಲೂ 10ರಿಂದಲೂ ಭಾಗಿಸಿದರೆ ದಿನಕ್ಕೆ ಚದರ ಮೀಟರಿಗೆ 48 ಮಿಲಿಗ್ರಾಂ. ಫಿಲ್ಟರಿನ ಉಪ್ಪನ್ನು ತೊಳೆಯದಿದ್ದರೆ ಈ ಅಂಕಿ ಸುಮ್ಮನೆ ಉಬ್ಬುತ್ತದೆ. ಸಾವಯವ ಇಂಗಾಲ ಅಳೆಯುವ ಮೊದಲು ಆಮ್ಲ ಹಾಕಿ ಸುಣ್ಣದಂಶ ತೆಗೆಯಲು ಮರೆಯಬೇಡ.

ಬಾಟಲಿ ಬಿಚ್ಚುವಾಗ ಕೈಗವಸು, ಕನ್ನಡಕ ಎರಡೂ ಇರಲಿ. ಸೋಸಿದ ನೀರಿನಲ್ಲಿ ಪಾದರಸವಿರುತ್ತದೆ. ಸಿಂಕಿಗೆ ಸುರಿಯಬೇಡ, ಬೇರೆ ಕ್ಯಾನಿನಲ್ಲಿ ಹೆಸರು ಬರೆದು ಎತ್ತಿಡು.

ನಿನ್ನ
ಅಮ್ಮ